ಕಸ ತೆಗೆಯುವ ಮನೆಯಲ್ಲಿ ಹುಲ್ಲು ಬಿತ್ತಿದ ಮಳೆಗಾಲ

ನಮ್ಮ ಮನೆಯ ಯಾವ ಜಗಳವೂ ದನಗಳ ಕಿವಿ ತಪ್ಪಿಸಿ ನಡೆದದ್ದಲ್ಲ. ತಲೆಬಾಗಿಲು ದಾಟಿ ಒಳಗೆ ಬಂದರೆ ಮೊದಲು ಸಿಗುವುದೇ ಅವುಗಳ ಜಾಗ. ಕಲ್ಲು ಹಾಸಿದ ನೆಲ, ಉದ್ದನೆಯ ಗೋದಲಿ, ಗೋದಲಿಗೆ ಮುಖ ಮಾಡಿ ನಿಂತ ಕೆಂಪಿ ಆಕಳು, ಚಂದ್ರಿ ಎಮ್ಮೆ, ಕೆಂಪಿಯ ಕರು. ಗೋದಲಿಯ ಆಚೆ ಎದೆಮಟ್ಟದ ಕಟ್ಟೆ. ಕಟ್ಟೆಯ ಮೇಲೇ ನಮ್ಮ ಪಡಸಾಲೆ. ನಾವು ಊಟಕ್ಕೆ ಕೂತರೆ ಅವೂ ಎದುರುಬದುರಾಗಿ ಊಟಕ್ಕೆ ನಿಂತಿರುತ್ತಿದ್ದವು. ಆಯಿ, ಅಂದರೆ ನನ್ನ ಅಪ್ಪನ ತಾಯಿ, ನಡುಗಂಬಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದಳು, ತೀರ್ಪು ಆ ಕಂಬದಿಂದಲೇ ಬರುತ್ತಿತ್ತು. ಅಪ್ಪನ ತಮ್ಮ ಈರಣ್ಣ ಕಾಕಾ ಮಾತಿಗಿಂತ ಮೊದಲು ಕೈ ಎತ್ತುವವನು, ಹೊಡೆಯಲು ಅಲ್ಲ, ರೊಟ್ಟಿ ಹಿಡಿದ ಕೈಯಿಂದ ಗಾಳಿಯಲ್ಲಿ ಗೆರೆ ಎಳೆಯಲು. ಅಪ್ಪ ಜಗಳ ಶುರುವಾದ ಕೂಡಲೇ ನೀರು ಕುಡಿಯಲು ಏಳುವವನು. ಅವ್ವ ಎಲ್ಲರಿಗೂ ಬಡಿಸಿ, ಎಲ್ಲರ ಮಾತು ಮುಗಿದ ಮೇಲೆ ಒಂದೇ ಒಂದು ವಾಕ್ಯ ಹೇಳುವವಳು. ಮುಂದೆ ಕಾಲೇಜಿನ ಚರ್ಚಾಕೂಟದಲ್ಲಿ, ಎದುರಾಳಿಯ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವುದೇ ವಾದದ ಮೊದಲ ಪಾಠ ಎಂದು ಮೇಷ್ಟ್ರು ಹೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಪಡಸಾಲೆಯಲ್ಲಿ ಮಾತನ್ನು ಪೂರ್ತಿ ಕೇಳಿಸಿಕೊಳ್ಳುತ್ತಿದ್ದವಳು ಕೆಂಪಿ ಒಬ್ಬಳೇ.

ನಾನು ಏಳನೆಯ ಇಯತ್ತೆಯಲ್ಲಿದ್ದೆ. ಶಾಲೆಯಲ್ಲಿ ಹೊಸದಾಗಿ ಪರ-ವಿರೋಧ ಮಾತಾಡುವುದನ್ನು ಕಲಿಸಿದ್ದರು, ನನಗೆ ಅದು ಹುಚ್ಚಿನಂತೆ ಹತ್ತಿತ್ತು. ಯಾರು ಏನಂದರೂ 'ಯಾಕ?' ಅನ್ನುತ್ತಿದ್ದೆ. ಆಯಿ ನನಗೆ 'ವಕೀಲವ್ವ' ಎಂದು ಹೆಸರಿಟ್ಟಿದ್ದಳು. ಹಾಗಾಗಿ ಆ ರಾತ್ರಿಯೂಟದ ಜಗಳ ಶುರುವಾದಾಗ ನಾನು ಎರಡೂ ಕಡೆಯವರಿಗೆ ಪ್ರಶ್ನೆ ಹಾಕಲು ತಯಾರಾಗಿಯೇ ಕೂತಿದ್ದೆ. ಶುರು ಮಾಡಿದವನು ಕಾಕಾ.

"ಎತ್ತ ಹೋದವು, ಟ್ರ್ಯಾಕ್ಟರ್ ಬಂತು. ಜ್ವಾಳಾ ಹೋತು, ಸೋಯಾಬೀನ ಬಂತು. ಇನ್ನ ಕಣಕಿ ಎಲ್ಲಿಂದ ತರೂದು? ಈ ಮೂರೂ ಬ್ಯಾಸಿಗ್ಯಾಗ ಏನ ತಿನ್ನಬೇಕು, ಡೀಸೆಲ್ಲಾ? ಮಾರಿಬಿಡೂಣು."

ಅಪ್ಪ ನೀರಿಗೆ ಎದ್ದ. ಆಯಿ ಕಂಬಕ್ಕೆ ಇನ್ನಷ್ಟು ಒರಗಿದಳು, ಅಂದರೆ ಅರ್ಧ ಒಪ್ಪಿದ್ದಳು. ಕಾಕಾನ ಮಾತಿನಲ್ಲಿ ಸುಳ್ಳಿರಲಿಲ್ಲ. ದೇವಿಕೊಪ್ಪದ ಆಚೆ ಕಾಡಿನ ಅಂಚಿಗಿರುವ ನಮ್ಮೂರಿನಲ್ಲಿ ಮನೆಮನೆಯ ಹಿತ್ತಲಲ್ಲಿ ಆನೆಯಂತೆ ನಿಂತಿರುತ್ತಿದ್ದ ಕಣಕಿಯ, ಅಂದರೆ ಒಣ ಜೋಳದ ದಂಟಿನ, ಬಣವೆಗಳು ಒಂದೊಂದಾಗಿ ಮಾಯವಾಗಿದ್ದವು. ಆದರೆ ಆ ಮೂರು ದನ ಅವ್ವನವು. ಕೆಂಪಿಯ ತಾಯಿಯನ್ನು ಅವಳು ತವರಿನಿಂದ ಹೊಡೆದುಕೊಂಡು ಬಂದಿದ್ದಳು. ಈ ಮನೆಯಲ್ಲಿ ಅವಳನ್ನು ನೋಡಿದರೆ ಎದ್ದು ನಿಲ್ಲುತ್ತಿದ್ದ ಜೀವಗಳು ಅವೇ. ಅವ್ವ ಸಾರಿನ ಸೌಟು ಕೆಳಗಿಟ್ಟಳು.

"ಹುಲ್ಲ ತಿಂತಾವ. ನಾ ಬೆಳಿತೇನಿ."

"ಏನ ಬೆಳಿತಿ?" ಎಂದಳು ಆಯಿ.

"ಹುಲ್ಲರಿ ಅತ್ತಿ. ಹಳ್ಳದ ದಂಡಿಮ್ಯಾಲಿನ ಇಳಿಜಾರ ಪಟ್ಟಿ ನನಗ ಬಿಟ್ಟಕೊಡ್ರಿ. ಹೆಂಗೂ ಅಲ್ಲಿ ಸೋಯಾಬೀನ ನಿಂದ್ರಂಗಿಲ್ಲ, ಮಳಿ ಬಂದ್ರ ಮಣ್ಣ ಹಳ್ಳಕ್ಕ ಹೋಗತೈತಿ."

ಆಯಿ ನಕ್ಕ ರೀತಿ ಈಗಲೂ ಕಿವಿಯಲ್ಲಿದೆ. ಆ ನಗುವಿನಲ್ಲಿ ದುರುದ್ದೇಶವಿರಲಿಲ್ಲ, ಗಾಬರಿಯಿತ್ತು. ನಮ್ಮಲ್ಲಿ ಹುಲ್ಲಿಗೆ ಇನ್ನೊಂದು ಹೆಸರು ಕಸ. ಕಸ ತೆಗೆಯುವುದೇ ಬೇಸಾಯ. ದಾರಿಯಲ್ಲಿ ಹೋಗುವವರು ಹೊಲದ ಸಾಲು ನೋಡಿ ಆ ಮನೆಯ ಸೊಸೆಯಂದಿರ ಯೋಗ್ಯತೆ ಅಳೆಯುತ್ತಿದ್ದರು. ಆಯಿಯಂತೂ ಬಸ್ಸಿಗೆ ಕಾಯುತ್ತ ನಿಂತರೂ ಕಲ್ಲುಸಂದಿಯ ಕರಿಕೆಯನ್ನು ಬಗ್ಗಿ ಕೀಳುವವಳು. ಅಂಥ ಮನೆಗೆ ಬಂದ ಹೆಣ್ಣು ಹುಲ್ಲನ್ನು ಬೀಜ ಹಾಕಿ ಬೆಳೆಯುತ್ತೇನೆಂದರೆ, ಸ್ನಾನ ಮಾಡಿಸಿದ ಕೂಸಿಗೆ ಕೆಸರು ಬಳಿಯುತ್ತೇನೆ ಎಂದ ಹಾಗೆ.

"ಯಾರ ಹೇಳಿದ್ರಬೇ ನಿನಗ?" ಎಂದು ನಾನು ಪಾಟೀಸವಾಲು ಶುರುಮಾಡಿದೆ.

"ನಿಮ್ಮ ಕಾಕಾನ ಮೊಬೈಲಿನ್ಯಾಗ ನೋಡೇನಿ. ದನದ ಡಾಕ್ಟರರನ್ನೂ ಕೇಳೇನಿ."

"ವಿಡಿಯೋದಾಗ ಹಾಳಾಗಿದ್ದನ್ನ ತೋರಸ್ತಾರೇನು?"

"ಇಲ್ಲ."

"ಮತ್ತ?"

"ಮತ್ತೇನೈತಿ, ನಾವ ಮಾಡಿ ನೋಡೂಣು. ಹಾಳಾದ್ರ ನೀ ವಿಡಿಯೋ ಮಾಡ."

ಕಾಕಾ ಕೂಡ ನಕ್ಕುಬಿಟ್ಟ. ಆ ನಗುವಿನಲ್ಲೇ ಕಂಬದಿಂದ ತೀರ್ಪು ಬಂತು.

"ಸೀಗಿ ಹುಣ್ಣಿವಿ ತನಕಾ ನಿನಗ ವ್ಯಾಳ್ಯಾ, ನೀಲವ್ವಾ. ಅಷ್ಟರಾಗ ಬ್ಯಾಸಿಗಿಗೆ ಸಾಲೂವಷ್ಟ ಮೇವು ಮನ್ಯಾಗ ಬಿತ್ತಂದ್ರ ದನಾ ಇರತಾವ. ಬೀಳಲಿಲ್ಲಂದ್ರ ದೀಪಾವಳಿ ಆದಮ್ಯಾಲೆ ಸಂತಿಗೆ ಹೋಗತಾವ. ಆಮ್ಯಾಲ ಯಾರೂ ಅಳಾಂಗಿಲ್ಲ."

ಕೆಂಪಿ ಕಟ್ಟೆಯ ಮೇಲೆ ಗದ್ದ ಇಟ್ಟು ಎಲ್ಲವನ್ನೂ ಕೇಳಿಸಿಕೊಂಡಳು.

ಜೂನಿನಲ್ಲಿ ಮೃಗದ ಮಳೆ ಬಿದ್ದ ವಾರವೇ ಬಿತ್ತನೆ. ರೋಡ್ಸ್ ಹುಲ್ಲಿನ ಬೀಜವನ್ನು ನಾನು ಮೊದಲ ಸಲ ಕೈಯಲ್ಲಿ ಹಿಡಿದೆ. ಹಿಡಿದೆ ಎನ್ನುವುದು ದೊಡ್ಡ ಮಾತು, ಉಸಿರು ಬಿಟ್ಟರೆ ಹಾರುತ್ತಿತ್ತು, ಹೊಟ್ಟೋ ಬೀಜವೋ ತಿಳಿಯುತ್ತಿರಲಿಲ್ಲ. ಜೊತೆಗೆ ಸ್ಟೈಲೋ ಎಂಬ, ಕಾಳಿನ ಜಾತಿಯ ಮೇವಿನ ಬೀಜ ಒಂದಿಷ್ಟು. ಅಪ್ಪ ಪ್ರೀತಿಯಿಂದ ಕೂರಿಗೆ ಹೊರತೆಗೆದ. ಅವ್ವ ಬೇಡವೆಂದಳು. ಕೂರಿಗೆಯಲ್ಲಿ ಬಿದ್ದರೆ ಈ ಬೀಜ ಆಳದಲ್ಲೇ ಉಸಿರುಗಟ್ಟಿ ಸಾಯುತ್ತದಂತೆ. ಜರಡಿ ಹಿಡಿದ ಗೊಬ್ಬರ, ಹಸಿ ಉಸುಕು, ಬೀಜ ಮೂರನ್ನೂ ಕಲಸಿ, ಪಟ್ಟಿಯ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಕೈಯಿಂದಲೇ ಚೆಲ್ಲಿದಳು. ಮೇಲೆ ಜಾಲಿಟೊಂಗೆಯೊಂದನ್ನು ಅವಳೊಂದು ತುದಿ ನಾನೊಂದು ತುದಿ ಹಿಡಿದು ಎಳೆದೆವು, ಬೀಜಕ್ಕೆ ಮಣ್ಣಿನ ತೆಳು ಮುಸುಕು ಬೀಳಲೆಂದು. ಬದುವಿನ ಮೇಲೆ ಹೋಗುತ್ತಿದ್ದವರಲ್ಲಿ ಒಬ್ಬರಾದರೂ ನಿಲ್ಲದೆ ಹೋಗಲಿಲ್ಲ.

"ಏನವಾ ನೀಲವ್ವಾ, ಮುಂದಿನ ವರ್ಷ ಮುಳ್ಳ ಬಿತ್ತಾಕಿಯೇನು?"

"ಬೀಜ ಕೊಡ್ರಿ, ಬಿತ್ತೂಣು," ಎನ್ನುತ್ತಿದ್ದಳು ಅವ್ವ, ತಲೆ ಎತ್ತದೆ.

ಆಮೇಲೆ ನನ್ನ ಬೆಳಗುಗಳೆಲ್ಲ ಆ ಪಟ್ಟಿಯಲ್ಲಿಯೇ. ಶಾಲೆಗೆ ಹೋಗುವ ಮುಂಚೆ ಓಡಿಹೋಗಿ ಮೊಣಕಾಲೂರಿ ಮಣ್ಣಿಗೆ ಕಣ್ಣು ಹಚ್ಚುತ್ತಿದ್ದೆ. ಒಂದು ದಿನ ಹಸಿರು ಕಂಡಿತು. ಹಸಿರು ಹೌದೋ ಅಲ್ಲವೋ ಎಂದು ವಾದಿಸಬಹುದಾದಷ್ಟೇ ಹಸಿರು, ನೇರ ನೋಡಿದರೆ ಇಲ್ಲ, ಓರೆಗಣ್ಣಲ್ಲಿ ಇದೆ. ಮನೆಗೆ ಓಡಿಬಂದು ಕೂಗಿದೆ. ಕಾಕಾ ಪುರಾವೆ ಕೇಳಿದ. ಒಂದು ಎಸಳು ಕಿತ್ತು ತಂದು ತೋರಿಸಿದ್ದಕ್ಕೆ ಅವ್ವನಿಂದ ಬೆನ್ನಿಗೆ ಒಂದು ಗುದ್ದು. ನಾಗರಪಂಚಮಿ ಹತ್ತಿರವಾಗುವಷ್ಟರಲ್ಲಿ ಎಸಳುಗಳು ಗಿಡ್ಡ ಗಿಡ್ಡ ಗುಂಪುಗಳಾಗಿ ಗೇಣುದ್ದ ಎದ್ದಿದ್ದವು. ಅವ್ವ ನನ್ನನ್ನು ಕರೆದುಕೊಂಡು ಪಂಚಮಿಗೆ ತವರಿಗೆ ಹೊರಟಳು. ಅವಳ ಮುಖ ಅಷ್ಟು ಹಗುರಾಗಿ ಇದ್ದದ್ದನ್ನು ನಾನು ನೋಡಿರಲಿಲ್ಲ. ಜೋಕಾಲಿಯಲ್ಲಿ ನನಗಿಂತ ಎತ್ತರಕ್ಕೆ ಜೀಕಿದಳು.

ತವರಿನಿಂದ ಮರಳಿದ ಮಧ್ಯಾಹ್ನ ಜಿಟಿಜಿಟಿ ಮಳೆ. ಆಯಿ ಬಾಗಿಲಲ್ಲೇ ಕಾಯುತ್ತಿದ್ದಳು. ಸೀರೆಯ ಅಂಚೆಲ್ಲ ಕೆಸರು, ಮುಖವೆಲ್ಲ ನಗು.

"ಬಾರವಾ. ನೀ ತವರಮನಿಂದ ಬರೂದ್ರಾಗ ನಿನ್ನ ಹೊಲಾ ಕನ್ನಡಿ ಮಾಡೇನಿ ನೋಡ. ಸೋಯಾಬೀನದ ಕಸಾ ತಗ್ಯಾಕ ಬಂದ ಹೆಣ್ಣಮಕ್ಕಳನ ಕರಕೊಂಡ ಹೋಗಿ, ನಿನ್ನಿ ಇವತ್ತ ಕುಂತ ತಗಸೇನಿ. ನಿನ್ನ ಪಟ್ಟ್ಯಾಗ ಏನ ಕಸಾ ಅಂತಿ ಯವ್ವಾ!"

ಅವ್ವ ಕೈಯಲ್ಲಿದ್ದ ಚೀಲ ಇಳಿಸದೆ ನಿಂತಳು. ನನಗೇ ಮೊದಲು ಬಾಯಿ ಬಂದದ್ದು.

"ಹುಲ್ಲ ಬಿತ್ತಿದ ಹೊಲದಾಗಿಂದ ಹುಲ್ಲ ಕಿತ್ತೇನ ಆಯಿ!"

"ಅಯ್ಯ, ಅಗಲ ಎಲೀದ ಐತೆಲ್ಲಾ, ಅದನ್ನ ಒಂದೂ ಮುಟ್ಟಿಲ್ಲ. ಅದ ನಿಮ್ಮವ್ವನ ಹುಲ್ಲು ಅಂದಕೊಂಡೆ."

"ಅದು ಸ್ಟೈಲೋ! ಹುಲ್ಲ ಅಂದ್ರ ಅದಲ್ಲ!"

"ಬೀಜಾ ತಂದು ಬಿತ್ತಿದ ಹುಲ್ಲು ಬ್ಯಾರೇನ ಇರತೈತಿ ಅಂತ ತಿಳದಿದ್ದೆ. ಅದೂ ಹುಲ್ಲಿನ್ಹಂಗ ಇದ್ರ ನಾ ಏನ ಮಾಡ್ಲೆ?"

ಆ ಕ್ಷಣ ತಲೆಬಾಗಿಲಲ್ಲಿ ನಡೆದದ್ದನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ. ಆಯಿ ಬೇಕೆಂದೇ ಮಾಡಿದಳೇ ಎಂದು ನನ್ನೊಳಗಿನ ವಕೀಲವ್ವ ಕೇಳುತ್ತಿದ್ದಳು, ಆದರೆ ಅವಳ ಬೆರಳ ಸಂದಿಯ ಮಣ್ಣು, ನೆಟ್ಟಗೆ ನಿಲ್ಲಲಾರದ ಸೊಂಟ, ಸೊಸೆ ಮೆಚ್ಚುತ್ತಾಳೆಂದು ಬಾಗಿಲು ಕಾದ ಆ ಮುಖ ಎಲ್ಲವೂ ಅವಳ ಪರವಾಗಿ ಸಾಕ್ಷಿ ಹೇಳುತ್ತಿದ್ದವು. ಕಾಕಾ ಗೋಡೆಗೆ ಒರಗಿ ನಗುತ್ತಿದ್ದವನು ಅವ್ವನ ಮುಖ ನೋಡಿ ನಿಲ್ಲಿಸಿದ. ಅವ್ವ ಕೇಳಿದ್ದು ಒಂದೇ ಪ್ರಶ್ನೆ.

"ಕಿತ್ತಿದ್ದನ್ನ ಎಲ್ಲಿ ಹಾಕೀರಿ ಅತ್ತಿ?"

"ಬದುವಿನ ಮ್ಯಾಲೆ ಗುಂಪಿ ಹಾಕಿಸೇನಿ."

ಚೀಲ ಅಲ್ಲೇ ಬಿತ್ತು. ಅವ್ವ ಓಡಿದಳು. ಹೊಸ ಸೀರೆಯಲ್ಲೇ, ಕೆಸರಿನಲ್ಲೇ, ನಾನು ಹಿಂದೆ, ನನ್ನ ಹಿಂದೆ ಅಪ್ಪ. ಬದುವಿನ ಮೇಲೆ ಹುಲ್ಲಿನ ಗುಡ್ಡೆಗಳು ಮಳೆಯಲ್ಲಿ ನೆನೆಯುತ್ತ ಬಿದ್ದಿದ್ದವು. ಅವ್ವ ಹುಲ್ಲಿನ ಒಂದು ಗುಂಪು ಎತ್ತಿ ತಿರುವಿ ನೋಡಿದಳು, ಇನ್ನೊಂದು ಎತ್ತಿದಳು, ಮತ್ತೊಂದು. ಪ್ರತಿಯೊಂದರ ಬುಡದಲ್ಲೂ ಬಿಳಿಯ ಬೇರು ಪೂರ್ತಿ ಇತ್ತು, ತುದಿಯವರೆಗೆ, ಹಸಿ ಮಣ್ಣು ಸಮೇತ. ಆಯಿ ಮತ್ತು ಅವಳು ಆರಿಸಿದ ಹೆಂಗಸರು ಕಸವನ್ನು ಹರಿಯುವವರಲ್ಲ, ಖುರಪಿ ಇಳಿಸಿ ಬೇರುಸಹಿತ ಎಬ್ಬಿಸುವವರು. ಅರೆಬರೆ ಕೆಲಸದವರಾಗಿದ್ದರೆ ಎಲ್ಲ ಸತ್ತಿರುತ್ತಿತ್ತು. ಮನೆತನದ ಶಿಸ್ತಿನಿಂದ ಕಿತ್ತದ್ದಕ್ಕೆ ಎಲ್ಲ ಬದುಕಿತ್ತು!

"ಹಚ್ಚೂಣು," ಎಂದಳು ಅವ್ವ. "ಈಗ. ಮಳಿ ನಿಲ್ಲೂದ್ರಾಗ."

ನೆಲದಲ್ಲಿ ಕುಣಿ ತೋಡಿ, ಒಂದೊಂದು ಗುಂಪನ್ನು ಎರಡು ಮೂರು ಸೀಳು ಮಾಡಿ, ಒಂದೊಂದು ಸೀಳನ್ನೂ ಊರಿ ಹಿಮ್ಮಡಿಯಿಂದ ಒತ್ತುತ್ತ ಹೊರಟೆವು. ಕಸ ತೆಗೆದಿದ್ದ ಹೆಂಗಸರೂ ತಿರುಗಿ ಬಂದರು, ತಾವು ಕಿತ್ತದ್ದನ್ನೇ ಮತ್ತೆ ಹಚ್ಚುತ್ತ ಒಬ್ಬರನ್ನೊಬ್ಬರು ಚಾಷ್ಟಿ ಮಾಡಿ ನಗುತ್ತಿದ್ದರು. ಕಾಕಾ ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಬಂದು ಬದುವಿನ ಮೇಲೆ ನಿಂತ. ದನ ಮಾರಬೇಕೆಂದವನು, ಸಹಾಯಕ್ಕಂತೂ ಬಂದಿರಲಿಲ್ಲ. ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅವನ ಕೈ ಗಾಳಿಯಲ್ಲಿ ಗೆರೆ ಎಳೆಯತೊಡಗಿತು.

"ವೈನಿ, ಸಾಲ ಸೊಟ್ಟ ಆಗಾಕತ್ಯಾವು."

"ಹುಲ್ಲಿಗೇನ ಸಾಲೋ ಈರಣ್ಣಾ?"

"ಹುಲ್ಲ ಆದ್ರೇನ, ಸೊಟ್ಟ ಅಂದ್ರ ಸೊಟ್ಟ. ನೋಡಿದವರು ನಮ್ಮನಿ ಹೊಲಾ ಅಂತಾರ!"

ಅವನಿಗೆ ತಡೆಯಲಾಗಲಿಲ್ಲ. ಹಗ್ಗ ತಂದ, ಗೂಟ ಹೊಡೆದ, ಕತ್ತಲಾಗುವವರೆಗೆ ನಮ್ಮೆಲ್ಲರನ್ನೂ ಬೈಯುತ್ತ ಇಳಿಜಾರಿಗೆ ಅಡ್ಡಲಾಗಿ ನೆಟ್ಟನೆಯ ಸಾಲು ಹಿಡಿಸಿದ. ಒತ್ತೊತ್ತಾಗಿ ಎದ್ದು ಒಂದನ್ನೊಂದು ತಿನ್ನುತ್ತಿದ್ದ ಹುಲ್ಲಿಗೆ ಈಗ ಕೈಕಾಲು ಚಾಚುವಷ್ಟು ಜಾಗ ಸಿಕ್ಕಿತು. ಅದು ಚಾಚಿತು ನೋಡಿ! ಒಂದೊಂದು ಬುಡವೂ ಹಬ್ಬುಬಳ್ಳಿ ಬಿಟ್ಟು, ಬಳ್ಳಿಯ ಗೆಣ್ಣಿಗೆ ಬೇರಿಳಿಸಿ, ಪಕ್ಕದ ಸಾಲಿನ ಕೈ ಹಿಡಿಯಿತು. ದೊಡ್ಡ ಮಳೆ ಬಂದ ಮರುದಿನ ಹಳ್ಳಕ್ಕೆ ಹೋಗಿ ನೋಡಿದೆ. ಬೇರೆಯವರ ಹೊಲದ ನೀರು ಕೆಂಪಗೆ ಇಳಿಯುತ್ತಿತ್ತು, ನಮ್ಮ ಪಟ್ಟಿಯದು ತಿಳಿಯಾಗಿ ಇಳಿಯುತ್ತಿತ್ತು. ಅಲ್ಲಿಯವರೆಗೆ ಅವ್ವನ ಪರ ಇದ್ದದ್ದು ನನ್ನ ಪ್ರೀತಿ ಮಾತ್ರ. ಅಂದಿನಿಂದ ನನ್ನ ಬುದ್ಧಿಯೂ ಇತ್ತು.

ಮೊದಲ ವರ್ಷ ದನ ಒಳಗೆ ಬಿಡುವಂತಿಲ್ಲ, ಬೇರು ಗಟ್ಟಿಯಾಗುವ ಮೊದಲು ಬಾಯಿ ಹಾಕಿದರೆ ಬುಡವೇ ಕಿತ್ತು ಬರುತ್ತದೆ. ಹಾಗಾಗಿ ಸುತ್ತಲೂ ಮುಳ್ಳಿನ ಬೇಲಿ. ನೀರಿಗೆ ಹೊಡೆದುಕೊಂಡು ಹೋಗುವಾಗ ಕೆಂಪಿ ಬೇಲಿಗೆ ಕೊರಳು ಚಾಚಿ ನಿಂತರೆ ಎಳೆದರೂ ಬರುತ್ತಿರಲಿಲ್ಲ. ಆಯಿ ಮಾತ್ರ, ಕೆಂಪಿ ಸೌಜನ್ಯಕ್ಕೆ ಹಾಗೆ ನಿಂತಿದ್ದಾಳೆ, ಒಣಗಿಸಿ ಹಾಕಿದರೆ ನಮ್ಮ ದನ ಈ ಪರದೇಶದ ಹುಲ್ಲು ಮೂಸಿ ಸಹ ನೋಡುವುದಿಲ್ಲ ಎನ್ನುತ್ತಿದ್ದಳು. ತೆನೆ ಆಗಷ್ಟೇ ಹೊರಬರುತ್ತಿದ್ದಾಗ ಅವ್ವ ಕೊಯ್ಲು ಎಂದಳು.

"ಹಸೀದ ಕೊಯ್ತಿಯಲ್ಲ, ಬಲೀಲಿ ತಡಿ," ಎಂದಳು ಆಯಿ.

"ಬಲತ್ರ ಸತ್ವೆಲ್ಲಾ ಕಾಳಿಗೆ ಹೋಗತೈತ್ರಿ ಅತ್ತಿ. ದನಕ್ಕ ಕಡ್ಡಿ ಉಳಿತೈತಿ."

ಕೊಯ್ಯುವವರಿಗೆ ಇನ್ನೊಂದು ಆಘಾತ. ನೆಲಕ್ಕೆ ಹಚ್ಚಿ ಕೊಯ್ಯುವಂತಿಲ್ಲ, ಮುಷ್ಟಿ ಎತ್ತರ ಬಿಡಬೇಕು, ಮತ್ತೆ ಚಿಗುರಲು. ಕೆಳಗಿನದನ್ನು ಬಿಟ್ಟು ಬರಲು ಕೈ ಒಪ್ಪದೆ ಹೆಂಗಸರು ಚಡಪಡಿಸಿದರು. ಹುಣ್ಣಿಮೆಗೆ ಮುಂಚೆಯೇ ಒಣಗಿಸಿ ಮನೆಗೆ ತರುವುದು ಅವ್ವನ ಎಣಿಕೆ. ಆದರೆ ಬಿಸಿಲು ಕೈಕೊಟ್ಟಿತು. ಬೆಳಿಗ್ಗೆ ಮಂಜು, ಮಧ್ಯಾಹ್ನ ಮೋಡದ ಬಿಸಿಲು. ದಿನವೂ ಕೋಲಿನಿಂದ ಹುಲ್ಲನ್ನು ಮಗುಚಿದೆವು. ಒಂದು ಹಿಡಿ ತೆಗೆದು ಹಗ್ಗದಂತೆ ಹೊಸೆದರೆ ಪಸೆ ಕೈಗೆ ಹತ್ತುತ್ತಲೇ ಇತ್ತು. ಪಸೆಯಿದ್ದಾಗ ಒಟ್ಟಿದರೆ ಬಣವೆಯ ಹೊಟ್ಟೆ ಕಾವು ಏರಿ ಬೂಷ್ಟು ಹಿಡಿಯುತ್ತದೆ, ಕೆಲವೊಮ್ಮೆ ಹೊಗೆಯಾಡುತ್ತದೆ ಕೂಡ. ಹೀಗೆ ಕಾಯುತ್ತಾ ಕಾಯುತ್ತಾ, ಮೇವೆಲ್ಲ ನೆಲದ ಮೇಲಿರುವಾಗಲೇ ಸೀಗಿ ಹುಣ್ಣಿಮೆ ಬಂದುಬಿಟ್ಟಿತು.

ಅಂದು ಭೂಮಿತಾಯಿ ಬಸುರಿ. ಬುತ್ತಿ ಕಟ್ಟಿಕೊಂಡು ಹೋಗಿ, ಹೊಲದ ತುಂಬ ಕೂಗುತ್ತ ಚರಗ, ಅಂದರೆ ನೈವೇದ್ಯದ ಅಡುಗೆ, ಚೆಲ್ಲಿ, ಅವಳಿಗೆ ಉಣ್ಣಿಸಿ ನಾವು ಉಣ್ಣುವುದು. ನಮ್ಮ ಮನೆಯಲ್ಲಿ ಅದಕ್ಕೊಂದು ಬಿಗಿ ನೇಮವಿತ್ತು: ಆ ದಿನ ಹೊಲದಲ್ಲಿ ಕೆಲಸ ಮುಟ್ಟುವಂತಿಲ್ಲ. ಕುಡಗೋಲಿಲ್ಲ, ಗುದ್ದಲಿಯಿಲ್ಲ, ಒಂದು ಹೆಂಟೆ ಕೂಡ ಸರಿಸುವಂತಿಲ್ಲ. ಕಾಕಾನ ಟ್ರ್ಯಾಕ್ಟರಿನಲ್ಲಿ ಎಲ್ಲರೂ ಹೋದೆವು. ಸೋಯಾಬೀನ್ ಹೊಲದ ನಡುವೆ ಪೂಜೆ ಮುಗಿದು ಆಯಿ ಚರಗದ ಬುಟ್ಟಿ ಎತ್ತುವ ಹೊತ್ತಿಗೆ ಮೂಡಣ ದಿಕ್ಕು ಕಪ್ಪಾಯಿತು. ಅವ್ವ ಪಟ್ಟಿಗೆ ಓಡಿ ಒಂದು ಹಿಡಿ ಹುಲ್ಲು ಹೊಸೆದಳು. ಪಟ್ ಎಂದು ಮುರಿಯಿತು. ಆಗಷ್ಟೇ ಒಣಗಿತ್ತು! ಇನ್ನೊಂದು ಮಳೆ ಕಂಡರೆ ಕರಗಿ ಕರಿಯಾಗುವುದು, ಅದರ ಜೊತೆ ಕೆಂಪಿ, ಚಂದ್ರಿ, ಕರು ಮೂವರೂ ದೀಪಾವಳಿ ಆದ ಮೇಲಿನ ಸಂತೆಗೆ.

"ಅತ್ತಿ, ಎತ್ತಿಬಿಡೂಣರಿ."

"ಇವತ್ತಾ? ಹುಚ್ಚ ಹಿಡಿದೈತೇನ ನಿನಗ?"

ಅಪ್ಪ ಸುತ್ತಲೂ ನೀರು ಹುಡುಕಿದ. ನಾನು ಮುಂದೆ ಬಂದೆ.

"ಆಯಿ, ಕೊಯ್ಯೂದಿಲ್ಲ, ಅಗಿಯೂದಿಲ್ಲ. ಕೊಯ್ದ ಬಿದ್ದಿದ್ದನ್ನ ಎತ್ತೂದು. ಎತ್ತೂದು ಕೆಲಸ ಹೆಂಗಾತು?"

"ಮತ್ತೇನ ಆಟ ಆತು? ನೋಡ ವಕೀಲವ್ವಾ, ಬಸರಿ ಹೆಣಮಗಳು ಹೊಚಗೊಂಡ ಮಲಗ್ಯಾಳ. ಆಕಿ ಮೈಮ್ಯಾಲಿನ ಹೊದಿಕಿ ಕಸಗೊಂಡ ಹೋಗಬೇಕೇನ ನೀವು?"

ಕಾಕಾ 'ಭಲೇ' ಎಂದ. ನಿಜಕ್ಕೂ ಭಲೇ ಎನ್ನುವ ಮಾತೇ. ಶಾಲೆಯಲ್ಲಿ ಕಲಿತ ಅಂಶ ಒಂದು, ಅಂಶ ಎರಡು ಎಲ್ಲ ಆ ಹೊದಿಕೆಯ ಕೆಳಗೆ ಸತ್ತುಹೋದವು. ಭೂಮಿ ಬಸುರಿಯಾಗುವುದಿಲ್ಲ ಎನ್ನಬಹುದಿತ್ತು, ನಾನು ಅದನ್ನೇ ನಂಬಿದ್ದೆ. ಆದರೆ ಆ ಮಾತಿನಿಂದ ಒಂದು ಹೊರೆ ಹುಲ್ಲೂ ಮೇಲೇಳುವಂತಿರಲಿಲ್ಲ. ಮೋಡ ಗುಡುಗಿತು. ಆಯಿ ಹೇಳಿದ ಬಸುರಿಯ ಕೋಣೆಯೊಳಗೇ ನಾನು ಹೊಕ್ಕೆ, ವಾದ ಅಲ್ಲಿಂದಲೇ ಎತ್ತಿದೆ.

"ಮಳಿ ಬಂದ ಆ ಹೊದಿಕಿ ತಪ್ಪನ ತೊಯ್ತೈತಲ್ಲ ಆಯಿ. ತೊಯ್ದ ಹೊದಿಕಿ ಹೊಚ್ಚಿ ಮಲಗಸ್ತೀಯೇನ ಬಸರಿನ್ನ?"

ಆಯಿ ನನ್ನನ್ನು ನೋಡಿದಳು. ಮೋಡ ನೋಡಿದಳು. ಈಗ ಅನ್ನಿಸುತ್ತದೆ, ಅವಳು ಸೆರಗನ್ನು ಆಗಲೇ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಕಸ ಕಂಡರೆ ಬಗ್ಗುವ ಅವಳ ಕೈಗೆ, ಕಣ್ಣೆದುರು ಮೇವು ಹಾಳಾಗುವುದನ್ನು ಸಹಿಸುವ ಶಕ್ತಿ ಎಲ್ಲಿತ್ತು? ಒಳಗಿನಿಂದ ಅವಳು ಬಾಗಿಲು ತಳ್ಳುತ್ತಲೇ ಇದ್ದಳು, ನಾನು ಹೊರಗಿನಿಂದ ಚಿಲಕ ತೆಗೆದೆ ಅಷ್ಟೆ. ಚರಗದ ಬುಟ್ಟಿಯನ್ನು ಸೊಂಟಕ್ಕೇರಿಸಿ ಆಕೆ ನೆಟ್ಟಗೆ ಹುಲ್ಲಿನ ಪಟ್ಟಿಗೆ ನಡೆದಳು, ಬೆಳೆ ಎಂದು ಅವಳು ಎಂದೂ ಒಪ್ಪದಿದ್ದ ಆ ಪಟ್ಟಿಗೆ. ನಾಲ್ಕು ಮೂಲೆಗೂ ಚರಗ ಚೆಲ್ಲಿದಳು. ಪ್ರತಿ ವರ್ಷ ಸೋಯಾಬೀನಿಗೆ ಕೂಗುವಷ್ಟೇ ಗಟ್ಟಿಯಾಗಿ ಇಲ್ಲಿಯೂ ಕೂಗಿದಳು. ಆಮೇಲೆ ಹಿಂತಿರುಗಿ:

"ನಿಂತ ನೋಡತೀರೇನ? ಎತ್ತರಿ ಲಗೂನ! ಈರ್‍ಯಾ, ಗಾಡಿ ತಗೊಂಡ ಬಾರಲೇ!"

ಕಾಕಾ ಟ್ರ್ಯಾಕ್ಟರನ್ನು ಬದುವಿಗೆ ತಂದ ವೇಗಕ್ಕೆ ಟ್ರೇಲರಿನಲ್ಲಿದ್ದ ಬುತ್ತಿಯ ಬುಟ್ಟಿ ಉರುಳಿತು. ಅಪ್ಪ ತೆಕ್ಕೆ ತೆಕ್ಕೆ ಎತ್ತಿಕೊಟ್ಟ, ಅವ್ವ ಮೇಲೆ ನಿಂತು ತುಳಿದಳು, ನಾನು ಉಳಿದದ್ದನ್ನು ಗುಡಿಸಿ ತಂದೆ. ಆಯಿ ಬೈಯುತ್ತ ಬೈಯುತ್ತ ಎಲ್ಲರಿಗಿಂತ ಹೆಚ್ಚು ಹೊತ್ತಳು. ಖೇಪಿನ ಮೇಲೆ ಖೇಪು. ಕೊನೆಯ ಖೇಪು ತಲೆಬಾಗಿಲು ಮುಟ್ಟಿದಾಗ ಮೊದಲ ಹನಿ ಬಿತ್ತು, ಕವಡೆಯಷ್ಟು ದಪ್ಪದ್ದು. ಹಿತ್ತಲಿನಲ್ಲಿ ಬಣವೆ ಒಟ್ಟಲು ಪುರುಸೊತ್ತಿರಲಿಲ್ಲ. ಎಲ್ಲವನ್ನೂ ಪಡಸಾಲೆಗೇ ಸುರಿದೆವು. ಹುಲ್ಲು ತೊಲೆ ಮುಟ್ಟಿತು, ನಡುಗಂಬ ಮುಳುಗಿತು, ದೇವರ ಕೋಣೆಯ ಬಾಗಿಲು ಅರ್ಧ ಮುಚ್ಚಿತು. ಮನೆಯೆಲ್ಲ ಒಂದು ವಾಸನೆ, ಚಹಾಪುಡಿಯ ಡಬ್ಬಿ ತೆಗೆದಂತೆ, ಹೊಸ ಬಿಸಿಲಿನಂತೆ. ಹೊರಗೆ ಮಳೆ ಹೊಯ್ಯುತ್ತಿತ್ತು. ಹೊಲದಲ್ಲಿ ಉಣ್ಣಬೇಕಾದ ಬುತ್ತಿಯನ್ನು ನಾವು ಹುಲ್ಲಿನ ಮೇಲೆ ಕೂತು, ಹುಲ್ಲಿಗೆ ಒರಗಿ, ರೊಟ್ಟಿಯ ಮೇಲಿನ ಹುಲ್ಲು ಆರಿಸುತ್ತ ಉಂಡೆವು.

ಆಯಿ ಒಂದು ತೆಕ್ಕೆ ಎತ್ತಿ ಗೋದಲಿಗೆ ಹಾಕಿದಳು. ಎಲ್ಲರ ಅಗಿಯುವ ಬಾಯಿ ನಿಂತಿತು. ಕೆಂಪಿ ಮೂಸಿದಳು, ಪುಸ್ ಎಂದು ಉಸಿರು ಬಿಟ್ಟಳು, ಆಮೇಲೆ ಮೂತಿಯನ್ನು ಒಳಗೆ ತೂರಿಸಿದವಳು ಮೇಲೆತ್ತಲೇ ಇಲ್ಲ. ಚಂದ್ರಿ ಅವಳ ಪಾಲಿಗೆ ಕೊಂಬು ಹಾಕಿತು.

"ತಿಂತಾವಪಾ," ಎಂದ ಕಾಕಾ ಮೆಲ್ಲಗೆ. ಆಮೇಲೆ ಹಟ ಬಿಡದೆ, "ಆದ್ರೂ ಟ್ರ್ಯಾಕ್ಟರ್ ಇದ್ದ ಮನ್ಯಾಗ ದನಾ ಯಾಕ ಬೇಕು ಅನ್ನೂದು ಹಂಗ ಉಳೀತು ನೋಡ."

ಆಯಿ ಮುಳುಗಿದ ಕಂಬದ ಕಡೆ ತಿರುಗಿದಳು, ಒರಗಲು ಕಂಬವಿಲ್ಲದೆ ಹುಲ್ಲಿಗೇ ಒರಗಿದಳು.

"ಮಾರೂಣಂತ ಬಿಡ. ಅದಕೂ ಮದ್ಲ, ಈ ಮನಿತುಂಬ ಹುಲ್ಲ ನಿಮ್ಮಾಗ ಯಾರ ತಿಂತೀರಿ ಹೇಳ್ರಿ."

ಅಪ್ಪ ಜೋರಾಗಿ ನಕ್ಕ, ನೀರಿಗೂ ಏಳಲಿಲ್ಲ. ಕಾಕಾನ ಕೈ ಗಾಳಿಯಲ್ಲಿ ಎದ್ದು, ಎಳೆಯಲು ಗೆರೆ ಸಿಗದೆ ಇಳಿಯಿತು. ಆದರೆ ಆ ವಾದದಲ್ಲಿ ಎತ್ತಿನಗಾಡಿ ಹಾಯುವಷ್ಟು ದೊಡ್ಡ ತೂತಿತ್ತು. ದನ ಮಾರುವವರು ಹುಲ್ಲನ್ನೂ ಮಾರಬಹುದಲ್ಲ! ನನಗೆ ಫಕ್ಕನೆ ಹೊಳೆಯಿತು. ಹೊಳೆದ ಸಂಭ್ರಮಕ್ಕೆ ಮೊಣಕಾಲ ಮೇಲೆ ಎದ್ದು, "ಆಯಿ, ಹಂಗಾರ..." ಎಂದು ಬಾಯಿ ತೆರೆದೆ.

ಅವ್ವನಿಗೂ ಅದು ಹೊಳೆದಿತ್ತು. ತೆರೆದ ಬಾಯಿಗೆ ಇಡೀ ಒಂದು ಕಡಬು ತುರುಕಿದಳು.